ಅಂಕಪಟ್ಟಿಯೂ ಕಲಿಕೆಯ ನೆಲೆಯೂ: ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಕಾಲೇಜು ಶಿಕ್ಷಣವನ್ನು ಕುರಿತು ಒಂದು ವಿಮರ್ಶೆ

1

ಪದವಿ ತರಗತಿಗೆ ಹೊಸದಾಗಿ ಬರುವ ವಿದ್ಯಾರ್ಥಿಯು ಎರಡು ಅಂಕಪಟ್ಟಿಗಳನ್ನು ತರುತ್ತಾನೆ: ಎಸ್.ಎಸ್.ಎಲ್.ಸಿ.ಯದೊಂದು, ದ್ವಿತೀಯ ಪಿ.ಯು.ಸಿ.ಯದೊಂದು. ಕಾಲೇಜಿನವರು ಅವುಗಳನ್ನು ಪರಿಶೀಲಿಸಿ, ಮೀಸಲಾತಿಯ ನಿಯಮಗಳನ್ನು ಅನುಸರಿಸಿ ಪ್ರವೇಶ ಕೊಡುತ್ತಾರೆ. ಕೆಲವು ದಿನಗಳಲ್ಲಿ ಪಾಠ ಪ್ರಾರಂಭವಾಗುತ್ತದೆ. ಪ್ರವೇಶಕ್ಕೂ ಪಾಠಕ್ಕೂ ನಡುವೆ ನಡೆಯಬೇಕಾದ ಒಂದು ಕೆಲಸ ಸಾಮಾನ್ಯವಾಗಿ ನಡೆಯುವುದಿಲ್ಲ. ನಡೆದರೂ ಬಹುಮಟ್ಟಿಗೆ ಕಾಗದದ ಮೇಲೆ ನಡೆಯುತ್ತದೆ. ಬಂದಿರುವ ವಿದ್ಯಾರ್ಥಿಗೆ ಯಾವುದು ತಿಳಿದಿದೆ, ಯಾವುದು ತಿಳಿದಿಲ್ಲ, ಪಾಠವನ್ನು ಎಲ್ಲಿಂದ ಆರಂಭಿಸಿದರೆ ಅವನು ನಮ್ಮ ಜೊತೆಯಲ್ಲಿ ನಡೆದಾನು ಎಂಬುದನ್ನು ಗೊತ್ತುಮಾಡಿಕೊಳ್ಳುವುದೇ ಆ ಕೆಲಸ. ಇದಕ್ಕಾಗಿ ನಡೆಸುವ ಪರೀಕ್ಷೆಯನ್ನು ಪ್ರಸ್ತುತ ಲೇಖನದಲ್ಲಿ ನೆಲೆನಿರ್ಣಯ ಪರೀಕ್ಷೆಯೆಂದು ಕರೆಯುತ್ತೇವೆ.

ಅರ್ಹತೆಯ ಪ್ರಶ್ನೆ ಒಂದು, ನೆಲೆಯ ಪ್ರಶ್ನೆ ಮತ್ತೊಂದು. ಮೊದಲನೆಯದು ವಿದ್ಯಾರ್ಥಿಯು ಹಿಂದೆ ಮಾಡಿದುದನ್ನು ಅಳೆಯುತ್ತದೆ. ಎರಡನೆಯದು ಅಧ್ಯಾಪಕನು ಮುಂದೆ ಮಾಡಬೇಕಾದುದನ್ನು ತಿಳಿಸುತ್ತದೆ. ಇವೆರಡರ ಭೇದವನ್ನು ಚಳ್ಳಕೆರೆಯ ರೈತನು ಬಲ್ಲ. ಎಣ್ಣೆ ಗಿರಣಿಗಳಿಗೆ ಹೆಸರಾದ ಆ ಊರಿನ ಮಾರುಕಟ್ಟೆಯಲ್ಲಿ ಶೇಂಗಾ ಚೀಲದಿಂದ ಒಂದು ಹಿಡಿ ತೆಗೆದು, ಸುಲಿದು, ಕಾಳನ್ನು ನೋಡಿ ಧಾರಣೆ ಕಟ್ಟುತ್ತಾರೆ. ಅದೇ ಶೇಂಗಾವನ್ನು ಬಿತ್ತನೆಗೆ ಇಟ್ಟುಕೊಳ್ಳುವಾಗ ಆ ನೋಟ ಸಾಲದು. ಕೆಲವು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳೆಯುವವೋ ಇಲ್ಲವೋ ಎಂದು ನೋಡಬೇಕು. ಧಾರಣೆಯ ಪರೀಕ್ಷೆಯಿಂದ ಮೊಳಕೆಯ ವಿಷಯ ತಿಳಿಯುವುದಿಲ್ಲ. ನಮ್ಮ ಕಾಲೇಜುಗಳು ಧಾರಣೆಯ ಚೀಟಿಯನ್ನು ನೋಡಿ ಬಿತ್ತನೆಗೆ ತೊಡಗುತ್ತಿವೆ ಎಂಬುದೇ ಈ ವಿಮರ್ಶೆಯ ಸಾರಾಂಶ.

2

ಅಂಕಪಟ್ಟಿಯು ಎಷ್ಟರ ಮಟ್ಟಿಗೆ ನಂಬಲರ್ಹವಾದ ಸಾಕ್ಷಿ? ಇತಿಹಾಸದ ಅಧ್ಯಾಪಕರಾದ ನಾವು ಶಾಸನವನ್ನಾಗಲಿ ದಾಖಲೆಯನ್ನಾಗಲಿ ಉಪಯೋಗಿಸುವ ಮುನ್ನ ಅದು ಯಾವ ಸಂದರ್ಭದಲ್ಲಿ, ಯಾವ ಉದ್ದೇಶದಿಂದ ಹುಟ್ಟಿತೆಂದು ಕೇಳುತ್ತೇವೆ. ಅಂಕಪಟ್ಟಿಯೂ ಒಂದು ದಾಖಲೆಯೇ. ಅದಕ್ಕೂ ಅದೇ ಪ್ರಶ್ನೆಯನ್ನು ಹಾಕಬೇಕು.

ನಮ್ಮ ಚಿತ್ರದುರ್ಗ ಜಿಲ್ಲೆಯ ನಿದರ್ಶನವೇ ಸಾಕು. 2023ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇಕಡ 83.89. ಅದರಲ್ಲಿ ಶೇಕಡ 96.8ರಷ್ಟು ಫಲಿತಾಂಶ ಪಡೆದು ಚಿತ್ರದುರ್ಗವು ಎಲ್ಲ ಶೈಕ್ಷಣಿಕ ಜಿಲ್ಲೆಗಳಿಗಿಂತ ಮೊದಲನೆಯದಾಯಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಮೂಲಕ ಮೇಲ್ವಿಚಾರಣೆಯನ್ನು ಬಿಗಿಗೊಳಿಸಲಾಯಿತು. ಆ ವರ್ಷ ರಾಜ್ಯದ ಫಲಿತಾಂಶ ಶೇಕಡ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿದ ಮೇಲೆ ದೊರೆತ ಸಂಖ್ಯೆ. ಹಿಂದಿನ ವರ್ಷ ಮೊದಲನೆಯದಾಗಿದ್ದ ನಮ್ಮ ಜಿಲ್ಲೆ ಮೊದಲ ಇಪ್ಪತ್ತರಲ್ಲಿಯೂ ಉಳಿಯಲಿಲ್ಲ.

ಒಂದು ವರ್ಷದಲ್ಲಿ ಜಿಲ್ಲೆಯ ಮಕ್ಕಳ ಬುದ್ಧಿ ಕುಂದಿತೆಂದು ಯಾರೂ ಹೇಳಲಾರರು. ಉಪಾಧ್ಯಾಯರೆಲ್ಲ ಒಮ್ಮೆಗೇ ಪಾಠ ಮರೆತರೆಂದೂ ಹೇಳಲಾಗದು. ಬದಲಾದುದು ಪರೀಕ್ಷೆ ನಡೆಯುವ ರೀತಿ, ಅಂಕ ಕೊಡುವ ನಿಯಮ. ಇದರಿಂದ ಯಾರ ಮೇಲೂ ದೋಷ ಹೊರಿಸುವುದು ನಮ್ಮ ಉದ್ದೇಶವಲ್ಲ. ನಮಗೆ ಮುಖ್ಯವಾದುದು ಇಷ್ಟೇ: 2023ರಲ್ಲಿ ಉತ್ತೀರ್ಣನಾದವನೂ 2024ರಲ್ಲಿ ಉತ್ತೀರ್ಣನಾದವನೂ ಪಿ.ಯು.ಸಿ. ಮುಗಿಸಿ ಒಂದು ವರ್ಷದ ಅಂತರದಲ್ಲಿ ಒಂದೇ ಕಾಲೇಜಿಗೆ ಬರುತ್ತಾರೆ. ಇಬ್ಬರ ಅಂಕಪಟ್ಟಿಯ ಮೇಲೂ ಸಂಖ್ಯೆಗಳಿವೆ. ಆದರೆ ಆ ಸಂಖ್ಯೆಗಳು ಒಂದೇ ಅಳತೆಗೋಲಿನಿಂದ ಬಂದವಲ್ಲ. ಅಳತೆಗೋಲು ಒಂದೇ ಆಗಿದ್ದರೂ, 35 ಅಂಕ ಪಡೆದವನಿಗೆ ಯಾವ 35 ತಿಳಿದಿದೆ, ಉಳಿದ 65ರಲ್ಲಿ ಯಾವುದು ಮುಂದಿನ ಪಾಠಕ್ಕೆ ಅತ್ಯಗತ್ಯ ಎಂಬುದನ್ನು ಮೊತ್ತವು ಹೇಳುವುದಿಲ್ಲ. ಮೊತ್ತವೆಂಬುದು ವಿವರಗಳನ್ನು ಮರೆಸುವ ಉಪಾಯ.

ಈ ಅತೃಪ್ತಿ ಹೊಸದೇನೂ ಅಲ್ಲ. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು 1949ರ ತನ್ನ ವರದಿಯಲ್ಲಿ, ಉನ್ನತ ಶಿಕ್ಷಣಕ್ಕೆ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆಯೇ ಆಗಬೇಕೆಂಬ ಅಭಿಪ್ರಾಯವನ್ನು ಕೊಟ್ಟಿತ್ತು. ಆ ಬಳಿಕ ಈ ಸೀಮೆಯ ಕಾಲೇಜುಗಳು ಮೂರು ವಿಶ್ವವಿದ್ಯಾನಿಲಯಗಳ ಆಡಳಿತವನ್ನು ಕಂಡವು: ಮೊದಲು ಮೈಸೂರು, 1987ರಲ್ಲಿ ಸ್ಥಾಪಿತವಾದ ಕುವೆಂಪು, 2009ರಿಂದ ದಾವಣಗೆರೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಿತು. 2024ರಲ್ಲಿ ರಾಜ್ಯವು ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಈ ಎಲ್ಲ ಬದಲಾವಣೆಗಳಲ್ಲಿ ಏನನ್ನು ಕಲಿಸಬೇಕೆಂಬ ಚರ್ಚೆ ವಿಶೇಷವಾಗಿ ನಡೆದಿದೆ. ಕಲಿಯಲು ಬಂದವನು ಎಲ್ಲಿ ನಿಂತಿದ್ದಾನೆ ಎಂಬ ಚರ್ಚೆ ಅಷ್ಟಾಗಿ ನಡೆದಿಲ್ಲ.

3

ನೆಲೆನಿರ್ಣಯದ ಪ್ರಯತ್ನವೇ ನಮ್ಮಲ್ಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕಾಲೇಜುಗಳ ಗುಣಮಟ್ಟವನ್ನು ನಿರ್ಣಯಿಸುವ ನ್ಯಾಕ್ ಸಂಸ್ಥೆಯು ತನ್ನ ಮಾನದಂಡಗಳಲ್ಲಿ, ವಿದ್ಯಾರ್ಥಿಗಳ ಕಲಿಕೆಯ ಮಟ್ಟವನ್ನು ಕಾಲೇಜು ಅಳೆಯುತ್ತದೆಯೇ, ಮುಂದುವರಿದ ಕಲಿಕೆಯವರಿಗೂ ನಿಧಾನ ಕಲಿಕೆಯವರಿಗೂ ಬೇರೆ ಬೇರೆ ಕಾರ್ಯಕ್ರಮಗಳನ್ನು ಏರ್ಪಡಿಸುತ್ತದೆಯೇ ಎಂದು ಕೇಳಿದ್ದುಂಟು. ಪ್ರಶ್ನೆ ಸದುದ್ದೇಶದಿಂದ ಕೂಡಿದುದು. ಆದರೆ ಉತ್ತರವನ್ನು ಒದಗಿಸುವ ಸುಲಭ ಮಾರ್ಗವೊಂದು ಬಹುಬೇಗ ರೂಢಿಗೆ ಬಂದಿತು. ಪಿ.ಯು.ಸಿ. ಅಂಕಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದು ಗೆರೆ ಎಳೆಯುವುದು. ಗೆರೆಯ ಮೇಲಿನವರು ಮುಂದುವರಿದವರು, ಕೆಳಗಿನವರು ನಿಧಾನದವರು. ಕೆಳಗಿನವರಿಗೆ ಕೆಲವು ಗಂಟೆಗಳ ಪರಿಹಾರ ಬೋಧನೆ, ಎಲ್ಲರಿಗೂ ಒಂದೇ ಬಗೆಯ ಸೇತುಬಂಧ ತರಗತಿ, ಹಾಜರಿ ಪುಸ್ತಕ, ನಾಲ್ಕು ಛಾಯಾಚಿತ್ರ. ಕಡತ ಪೂರ್ಣವಾಗುತ್ತದೆ.

ಈ ಕ್ರಮದಲ್ಲಿ ಎರಡು ದೋಷಗಳಿವೆ. ಮೊದಲನೆಯದು, ಅರ್ಹತೆಯನ್ನು ತಿಳಿಸಲು ಹುಟ್ಟಿದ ಅಂಕವನ್ನೇ ನೆಲೆಯನ್ನು ತಿಳಿಸಲೂ ಬಳಸುವುದು. ಇದರಿಂದ ಹೊಸದಾಗಿ ಏನೂ ತಿಳಿಯುವುದಿಲ್ಲ. ಎರಡನೆಯದು ಇನ್ನೂ ಗಂಭೀರವಾದುದು: ‘ನಿಧಾನ ಕಲಿಕೆ’ ಎಂಬ ಮಾತು. ನಿಧಾನವೆಂಬುದು ವಿದ್ಯಾರ್ಥಿಯ ಸ್ವಭಾವವನ್ನು ಹೇಳುವ ಪದ. ವಾಸ್ತವವಾಗಿ ನಾವು ಕಂಡಿರುವುದು ಅವನ ಸ್ವಭಾವವನ್ನಲ್ಲ, ಅವನು ಯಾವುದೋ ಒಂದು ಪತ್ರಿಕೆಯಲ್ಲಿ ಬರೆದ ಉತ್ತರವನ್ನು. ಎಂದೂ ಕಲಿಸದೆ ಇದ್ದುದನ್ನು ಅವನು ಅರಿಯದಿದ್ದರೆ ಅದು ನಿಧಾನವಲ್ಲ, ಅಪರಿಚಯ. ಈ ಎರಡು ಪದಗಳನ್ನು ಬೆರೆಸಿದುದರಿಂದ ಎಷ್ಟೋ ಮಂದಿ ವಿದ್ಯಾರ್ಥಿಗಳು ತಮ್ಮನ್ನು ತಾವೇ ದಡ್ಡರೆಂದು ತಿಳಿದುಕೊಂಡಿದ್ದಾರೆ.

4

ಈ ಸೀಮೆಯಲ್ಲಿ ಅಪರಿಚಯಕ್ಕೆ ಕಾರಣಗಳು ಸ್ಪಷ್ಟವಾಗಿಯೇ ಇವೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಆಂಧ್ರದ ಗಡಿಗೆ ತಾಗಿದವು. ರಾಯದುರ್ಗ, ಕಲ್ಯಾಣದುರ್ಗಗಳ ಕಡೆಯ ಹಳ್ಳಿಗಳಲ್ಲಿ ತೆಲುಗು ಮನೆಮಾತಾಗಿರುವ ಸಂಸಾರಗಳು ಅನೇಕ. ಉರ್ದು, ಲಂಬಾಣಿ ಮನೆಮಾತಿನವರೂ ಇದ್ದಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಪತ್ರಿಕೆ: ಇಂಥ ವಿದ್ಯಾರ್ಥಿಗೆ ಪಠ್ಯದ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಇವರಲ್ಲಿ ಬಹಳ. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆಯ ಪ್ರದೇಶಗಳಲ್ಲೊಂದಾದ ಇಲ್ಲಿ, ಬೆಳೆ ಕೈಕೊಟ್ಟ ವರ್ಷ ಕೂಲಿಗೆ ಹೋಗಿ ತರಗತಿ ತಪ್ಪಿಸಿಕೊಂಡವರೂ ಉಂಟು. ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮಗ್ಗದ ಮುಂದೆ ಎಳೆ ಎಣಿಸುತ್ತ ಬೆಳೆದವರೂ ಉಂಟು. ಆ ಎಳೆಯ ಲೆಕ್ಕ ಯಾವ ಅಂಕಪಟ್ಟಿಯಲ್ಲಿಯೂ ಕಾಣುವುದಿಲ್ಲ.

ನೆಲೆನಿರ್ಣಯ ಪರೀಕ್ಷೆಯು ಏನನ್ನು ಮಾಡಬಲ್ಲದೆಂಬುದನ್ನು ನಮ್ಮ ವಿಷಯದಿಂದಲೇ ಒಂದು ಉದಾಹರಣೆ ಕೊಟ್ಟು ವಿವರಿಸಬಹುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಈ ಸಂಗತಿಗಳನ್ನು ಹತ್ತು ಸಾಲುಗಳ ಸರಳ ಕನ್ನಡದಲ್ಲಿ ಬರೆದು, ಅಶೋಕನು ಸುಮಾರು ಕ್ರಿ.ಪೂ. 268ರಿಂದ ಕ್ರಿ.ಪೂ. 232ರ ವರೆಗೆ ಆಳಿದನೆಂದು ಸೇರಿಸಿ, ಅವನ ಆಳ್ವಿಕೆ ಎಷ್ಟು ವರ್ಷದ್ದೆಂದು ಕೇಳಿದೆವೆಂದು ಇಟ್ಟುಕೊಳ್ಳೋಣ.

ತಪ್ಪು ಉತ್ತರ ಬರೆದ ಮೂವರನ್ನು ಊಹಿಸಿಕೊಳ್ಳಬಹುದು. ಒಬ್ಬನು ಎರಡು ಸಂಖ್ಯೆಗಳನ್ನು ಕೂಡಿಸಿ 500 ವರ್ಷವೆಂದು ಬರೆಯುತ್ತಾನೆ. ಇನ್ನೊಬ್ಬನು 232 ಮೊದಲು, 268 ಆಮೇಲೆ ಬರಬೇಕಾದುದರಿಂದ ಪುಸ್ತಕದಲ್ಲಿ ಅಚ್ಚಿನ ತಪ್ಪಿದೆ ಎನ್ನುತ್ತಾನೆ. ಮೂರನೆಯವಳು ಏನನ್ನೂ ಬರೆಯುವುದಿಲ್ಲ. ಆದರೆ ಅದೇ ಪ್ರಶ್ನೆಯನ್ನು ಮನೆಮಾತಿನಲ್ಲಿ ಬಾಯಲ್ಲಿ ಕೇಳಿದರೆ ಕ್ಷಣದಲ್ಲಿ 36 ಎಂದು ಹೇಳುತ್ತಾಳೆ. ಸಾಮಾನ್ಯ ಪರೀಕ್ಷೆಯಲ್ಲಿ ಮೂವರಿಗೂ ಸೊನ್ನೆ. ನೆಲೆಯನ್ನು ಅರಸುವವನಿಗೆ ಇವು ಮೂರು ಬೇರೆ ಬೇರೆ ಸಂಗತಿಗಳು. ಮೊದಲನೆಯವನಿಗೆ ಅವಧಿಯೆಂದರೆ ಎರಡು ಕಾಲಬಿಂದುಗಳ ನಡುವಿನ ಅಂತರವೆಂಬುದು ತಿಳಿಯಬೇಕು. ಎರಡನೆಯವನು ತರ್ಕಬದ್ಧವಾಗಿಯೇ ಯೋಚಿಸಿದ್ದಾನೆ. ಕ್ರಿಸ್ತಪೂರ್ವದ ವರ್ಷಗಳನ್ನು ಹಿಂದಕ್ಕೆ ಎಣಿಸುತ್ತಾರೆಂಬ ಒಂದು ಸಂಪ್ರದಾಯವನ್ನು ಅವನಿಗೆ ಯಾರೂ ಹೇಳಿಲ್ಲ. ಅರ್ಧ ಗಂಟೆಯ ಪಾಠದಿಂದ ಅವನ ತೊಡಕು ಬಗೆಹರಿಯುತ್ತದೆ. ಮೂರನೆಯವಳಿಗೆ ಇತಿಹಾಸವೂ ಬರುತ್ತದೆ, ಲೆಕ್ಕವೂ ಬರುತ್ತದೆ. ಬಾರದಿರುವುದು ಪ್ರಶ್ನೆಯ ಭಾಷೆ. ಈ ಮೂವರನ್ನೂ ‘ನಿಧಾನ’ ಎಂಬ ಒಂದೇ ಪಟ್ಟಿಗೆ ಸೇರಿಸಿ ಒಂದೇ ಪರಿಹಾರ ಬೋಧನೆಗೆ ಕಳುಹಿಸುವುದು, ಬೇರೆ ಬೇರೆ ರೋಗಗಳಿಗೆ ಒಂದೇ ಕಷಾಯ ಕುಡಿಸಿದಂತೆ.

ಇದು ಕೇವಲ ಬೋಧನಾಕ್ರಮದ ಸೂಕ್ಷ್ಮವಲ್ಲ. ಮೊದಲ ಸೆಮಿಸ್ಟರಿನಲ್ಲಿ ಎರಡು ಪತ್ರಿಕೆಗಳು ಉಳಿದವೆಂದರೆ ಗಂಡುಹುಡುಗನು ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುವುದೂ, ಹೆಣ್ಣುಮಗಳ ಮದುವೆಯ ಮಾತು ಮನೆಯಲ್ಲಿ ಎದ್ದು ಓದು ನಿಲ್ಲುವುದೂ ಇಲ್ಲಿಯ ಅಧ್ಯಾಪಕರಿಗೆ ಹೊಸ ಸಂಗತಿಗಳಲ್ಲ. ಅಧ್ಯಾಪಕನು ಜುಲೈ ತಿಂಗಳಲ್ಲಿ ತಿಳಿಯಬಹುದಾಗಿದ್ದ ವಿಷಯವು ಫಲಿತಾಂಶದ ದಿನ ತಿಳಿಯುತ್ತದೆ. ಅಷ್ಟರಲ್ಲಿ ಅದನ್ನು ತಿಳಿದು ಪ್ರಯೋಜನ ಪಡೆಯಬೇಕಾದವನು ಕಾಲೇಜಿನಲ್ಲಿ ಇರುವುದಿಲ್ಲ.

5

ಹಾಗಾದರೆ ಪ್ರವೇಶದ ದಿನವೇ ಒಂದು ಪರೀಕ್ಷೆಯನ್ನು ನಡೆಸಿ ವಿದ್ಯಾರ್ಥಿಗಳನ್ನು ವಿಂಗಡಿಸಿಬಿಟ್ಟರೆ ಸಾಕೆ? ಸಾಲದೆಂಬುದಕ್ಕೆ ಅಮೆರಿಕದ ಅನುಭವವು ಸಾಕ್ಷಿಯಾಗಿದೆ. ಅಲ್ಲಿಯ ಸಮುದಾಯ ಕಾಲೇಜುಗಳ ಚರಿತ್ರೆ 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್‌ನಲ್ಲಿ ಆರಂಭವಾದ ಕಿರಿಯ ಕಾಲೇಜಿನಿಂದ ಮೊದಲಾಗುತ್ತದೆ. ಹತ್ತಿರದ ಊರಿನಲ್ಲಿ, ಕಡಿಮೆ ವೆಚ್ಚದಲ್ಲಿ, ಬಂದವರಿಗೆಲ್ಲ ಬಾಗಿಲು ತೆರೆದಿರುವುದು ಅವುಗಳ ತತ್ತ್ವ. ನಮ್ಮಲ್ಲಿ ಆ ಹೆಸರಿನ ಸಂಸ್ಥೆ ಮೊದಲು ತಲೆಯೆತ್ತಿದುದು 1995ರಲ್ಲಿ, ಪಾಂಡಿಚೇರಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ. ಆದರೆ ಹೆಸರಿಲ್ಲದೆಯೂ ಆ ಕಾರ್ಯವನ್ನು ನಡೆಸುತ್ತಿರುವವು ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಆದುದರಿಂದ ಅಲ್ಲಿಯ ಅನುಭವ ನಮಗೆ ದೂರದ್ದಲ್ಲ.

ಎಲ್ಲರಿಗೂ ಬಾಗಿಲು ತೆರೆದ ಕಾಲೇಜಿಗೆ ಒಳಗೆ ವಿಂಗಡಣೆ ಬೇಕಾಯಿತು. ಅಕ್ಯುಪ್ಲೇಸರ್, ಕಂಪಾಸ್ ಎಂಬ ಯಂತ್ರಪರೀಕ್ಷೆಗಳು ಬಳಕೆಗೆ ಬಂದವು. ಗಣಿತದಲ್ಲಿಯೂ ಇಂಗ್ಲಿಷಿನಲ್ಲಿಯೂ ಕಡಿಮೆ ಅಂಕ ಬಂದವರನ್ನು ಪದವಿಗೆ ಲೆಕ್ಕವಾಗದ ಪೂರ್ವಸಿದ್ಧತೆಯ ತರಗತಿಗಳಿಗೆ ಕಳುಹಿಸಿದರು. ಆ ತರಗತಿಗಳನ್ನು ದಾಟಿ ಪದವಿಯ ಪಾಠಕ್ಕೆ ಬಾರದೆ ಹೋದವರು ಬಹಳ. ಕೊಲಂಬಿಯ ವಿಶ್ವವಿದ್ಯಾನಿಲಯದ ಸಮುದಾಯ ಕಾಲೇಜು ಸಂಶೋಧನ ಕೇಂದ್ರದ ಜೂಡಿತ್ ಸ್ಕಾಟ್-ಕ್ಲೇಟನ್ ಮತ್ತು ಸಂಗಡಿಗರು 2012ರ ಸುಮಾರಿಗೆ ಈ ಪರೀಕ್ಷೆಗಳನ್ನೇ ಪರೀಕ್ಷೆಗೊಳಪಡಿಸಿದರು. ಗಣಿತದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರೂ ಇಂಗ್ಲಿಷಿನಲ್ಲಿ ಸುಮಾರು ಮೂವರಲ್ಲಿ ಒಬ್ಬರೂ ತಮಗೆ ತಕ್ಕುದಲ್ಲದ ತರಗತಿಗೆ ಸೇರಿದ್ದರೆಂದು ಅವರು ಕಂಡುಕೊಂಡರು. ಪ್ರೌಢಶಾಲೆಯ ಹಲವು ವರ್ಷಗಳ ಸಾಧನೆಯ ದಾಖಲೆಯು ಒಂದು ದಿನದ ಪರೀಕ್ಷೆಗಿಂತ ಉತ್ತಮ ಸೂಚಕವೆಂದೂ ತಿಳಿದುಬಂದಿತು. ಕಂಪಾಸ್ ಪರೀಕ್ಷೆಯನ್ನು 2016ರಲ್ಲಿ ನಿಲ್ಲಿಸಲಾಯಿತು. ಕ್ಯಾಲಿಫೋರ್ನಿಯ ಪ್ರಾಂತವು 2017ರಲ್ಲಿ ಶಾಸನ ಮಾಡಿ, ವಿದ್ಯಾರ್ಥಿಯ ಪ್ರೌಢಶಾಲೆಯ ದಾಖಲೆಯನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಒಂದು ವರ್ಷದೊಳಗೆ ಅವನು ಪದವಿಯ ಮಟ್ಟದ ಪಾಠವನ್ನು ಮುಗಿಸುವ ಸಂಭವ ಹೆಚ್ಚುವಂತೆ ನೋಡಿಕೊಳ್ಳಬೇಕೆಂದು ವಿಧಿಸಿತು.

ಇದನ್ನು ಓದಿ, ಅಂಕಪಟ್ಟಿಯೇ ಮೇಲೆಂದು ಅಮೆರಿಕದವರೇ ಒಪ್ಪಿದ್ದಾರಲ್ಲವೆ ಎಂದು ಯಾರಾದರೂ ಕೇಳಬಹುದು. ಸಾದೃಶ್ಯ ಅಷ್ಟು ಸರಳವಲ್ಲ. ಅಲ್ಲಿ ಮೇಲೆನಿಸಿದುದು ಅಧ್ಯಾಪಕರು ಹಲವು ವರ್ಷ ಕಂಡು ಕೊಟ್ಟ ಶ್ರೇಣಿಗಳ ಸರಾಸರಿ. ನಮ್ಮ ಅಂಕಪಟ್ಟಿಯೋ ಬಹುಮಟ್ಟಿಗೆ ಕೆಲವು ದಿನಗಳ ಪರೀಕ್ಷೆಯ ಫಲ. ಅಮೆರಿಕದ ಅನುಭವದ ನಿಜವಾದ ಪಾಠ ಬೇರೆ. ಪರೀಕ್ಷೆಯ ಫಲದಿಂದ ಬಾಗಿಲು ಮುಚ್ಚುವಂತಾದರೆ ಅದರ ಸಣ್ಣ ತಪ್ಪೂ ದೊಡ್ಡ ಅನ್ಯಾಯವಾಗುತ್ತದೆ. ಅಧ್ಯಾಪಕನ ಪಾಠ ಮಾತ್ರ ಬದಲಾಗುವಂತಿದ್ದರೆ ತಪ್ಪನ್ನು ಮರುವಾರವೇ ತಿದ್ದಬಹುದು.

ಮನಶ್ಶಾಸ್ತ್ರದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ತಮ್ಮ ಪರೀಕ್ಷೆಯನ್ನು ರಚಿಸಿದುದು, ಶಾಲೆಯಲ್ಲಿ ಯಾವ ಮಕ್ಕಳಿಗೆ ವಿಶೇಷ ಸಹಾಯ ಬೇಕೆಂದು ತಿಳಿಯುವುದಕ್ಕಾಗಿ. ಕಾಲಕ್ರಮದಲ್ಲಿ ಅದೇ ಸಾಧನವು ಮನುಷ್ಯರನ್ನು ಮೇಲು ಕೀಳೆಂದು ಜೋಡಿಸುವ ಅಳತೆಯಾಯಿತು. ಅದನ್ನು ನಮ್ಮ ನಾಡಿಗೆ ತಂದವರಲ್ಲಿ ವಿ. ವಿ. ಕಾಮತರು ಪ್ರಮುಖರು, ಮುಂಬಯಿ ಕರ್ನಾಟಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಅವರು ಪರಿಷ್ಕರಿಸಿ, 1940ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಭಾಷೆ ಬದಲಾದರೆ ಪ್ರಶ್ನೆಯನ್ನೇ ಹೊಸದಾಗಿ ಕಟ್ಟಬೇಕೆಂಬ ಅರಿವು ಆ ಕೆಲಸದ ಹಿಂದೆ ಇದೆ. ಇಷ್ಟು ಹಿಂದೆಯೇ ಕಂಡುಕೊಂಡ ಈ ವಿವೇಕವನ್ನು, ಎಲ್ಲಿಯೋ ತಯಾರಾದ ಬಹು ಆಯ್ಕೆಯ ಪ್ರಶ್ನೆಗಳನ್ನು ಹಾಗೆಯೇ ಇಳಿಸಿಕೊಳ್ಳುವ ನಾವು ಕಡೆಗಣಿಸಿದ್ದೇವೆ.

6

ಈ ಸಲಹೆಗೆ ಬರಬಹುದಾದ ಆಕ್ಷೇಪಣೆಗಳನ್ನೂ ವಿಚಾರಿಸಬೇಕು.

ಒಳ್ಳೆಯ ಅಧ್ಯಾಪಕನಿಗೆ ಪರೀಕ್ಷೆಯ ಅಗತ್ಯವಿಲ್ಲ, ಮುಖ ನೋಡಿಯೇ ತಿಳಿಯುತ್ತಾನೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಇದೇ ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ತಮ್ಮ ಶಿಷ್ಯರ ಅಂತಃಶಕ್ತಿಯನ್ನು ಗುರುತಿಸಿದ ರೀತಿ ಪ್ರಸಿದ್ಧವಾಗಿದೆ. ಕುವೆಂಪು ಅವರು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದುದು ಆ ಗುರುವಿಗೆ. ಆದರೆ ಅಂಥ ಪರಿಚಯಕ್ಕೆ ಚಿಕ್ಕ ತರಗತಿ ಬೇಕು, ದೀರ್ಘ ಕಾಲದ ಒಡನಾಟ ಬೇಕು. ಇಂದಿನ ತುಂಬಿದ ತರಗತಿಯಲ್ಲಿ, ಒಂದು ವರ್ಷ ಇದ್ದು ಮುಂದಿನ ವರ್ಷ ಎಲ್ಲಿರುವೆನೋ ತಿಳಿಯದ ಅತಿಥಿ ಉಪನ್ಯಾಸಕನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಒಡನಾಟಕ್ಕೆ ಅವಕಾಶವಿಲ್ಲದ ಕಡೆ ಪರೀಕ್ಷೆಯು ಅದರ ಸ್ಥಾನವನ್ನು ತುಂಬಲಾರದು. ಒಡನಾಟವನ್ನು ಪ್ರಾರಂಭಿಸಲು ಮಾತ್ರ ನೆರವಾಗಬಲ್ಲದು.

ಹಿಂದುಳಿದ ಮಕ್ಕಳಿಗೆ ಮತ್ತೊಂದು ಪರೀಕ್ಷೆಯೆಂದರೆ ಮತ್ತೊಂದು ಅವಮಾನ ಎಂಬುದು ಎರಡನೆಯದು. ಇದು ತೂಕವುಳ್ಳ ಮಾತು. ಫಲಿತಾಂಶವನ್ನು ಸೂಚನಾ ಫಲಕದಲ್ಲಿ ಹಾಕುವುದಾದರೆ, ತರಗತಿಯನ್ನು ಎರಡಾಗಿ ಒಡೆಯುವುದಾದರೆ, ಈ ಪರೀಕ್ಷೆ ನಡೆಸದಿರುವುದೇ ಲೇಸು. ಜಾತಿಯ ನೆನಪು ಇನ್ನೂ ಮಾಸದ ಸಮಾಜದಲ್ಲಿ ಎರಡು ಬೆಂಚುಗಳ ವಿಂಗಡಣೆ ಯಾವ ಅರ್ಥವನ್ನು ಪಡೆಯುವುದೆಂದು ವಿವರಿಸಬೇಕಾಗಿಲ್ಲ.

ಮೂರನೆಯ ಆಕ್ಷೇಪಣೆ, ಇದರಿಂದ ಪಾಠದ ಮಟ್ಟ ಇಳಿಯುತ್ತದೆ ಎಂಬುದು. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ನೆಲೆಯನ್ನು ತಿಳಿಯದ ಅಧ್ಯಾಪಕನೇ ಕಡೆಗೆ ಟಿಪ್ಪಣಿ ಬರೆಯಿಸುವುದಕ್ಕೆ ಇಳಿಯುತ್ತಾನೆ. ಏಕೆಂದರೆ ಟಿಪ್ಪಣಿಗೆ ಯಾವ ನೆಲೆಯೂ ಬೇಕಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದ್ದು, ಅಲ್ಲಿ ಅಧ್ಯಾಪಕರಿಗೂ ತರಬೇತಿ ನಡೆಯುತ್ತದೆ. ಅದರ ಬೇಲಿಯ ಹೊರಗಿನ ಹಳ್ಳಿಯ ವಿದ್ಯಾರ್ಥಿ ಒಂದು ದಿನ ಅದರ ಒಳಗೆ ಹೋಗಬೇಕಾದರೆ ಮಟ್ಟವನ್ನು ಇಳಿಸಬೇಕಾಗಿಲ್ಲ. ಮೊದಲ ಮೆಟ್ಟಿಲು ಅವನ ಕಾಲಿಗೆ ಸಿಕ್ಕುವಂತಿರಬೇಕು.

7

ಇಷ್ಟು ವಿಮರ್ಶಿಸಿದ ಮೇಲೆ ನಮಗೆ ಸರಿಯೆಂದು ತೋರುವ ಕ್ರಮವನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ. ಇದಕ್ಕೆ ಸರ್ಕಾರದ ಆದೇಶವಾಗಲಿ ಹಣವಾಗಲಿ ಬೇಕಿಲ್ಲ. ಒಂದು ವಿಭಾಗ ಮನಸ್ಸು ಮಾಡಿದರೆ ಸಾಕು.

ಪಾಠದ ಮೊದಲ ವಾರದಲ್ಲಿ ಒಂದು ಗಂಟೆಯ ಕಾಲ ನಾಲ್ಕು ಚಿಕ್ಕ ಕೆಲಸಗಳನ್ನು ಕೊಡಬೇಕು: ಪಠ್ಯದ ಮಟ್ಟದ ಒಂದು ಕನ್ನಡ ಭಾಗವನ್ನು ಓದಿ ಸ್ವಂತ ಮಾತಿನಲ್ಲಿ ಹೇಳುವುದು, ತಮ್ಮ ತಾಲ್ಲೂಕಿನ ನಕ್ಷೆಯಲ್ಲಿ ಎರಡು ಸ್ಥಳಗಳನ್ನು ಗುರುತಿಸಿ ದೂರವನ್ನು ಅಂದಾಜು ಮಾಡುವುದು, ನಾಲ್ಕು ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಅವಧಿಯನ್ನು ಲೆಕ್ಕಹಾಕುವುದು, ಐದು ಸಾಲಿನ ಇಂಗ್ಲಿಷ್ ಭಾಗವನ್ನು ಓದಿ ಅದರ ತಿರುಳನ್ನು ತಮಗೆ ಬರುವ ಭಾಷೆಯಲ್ಲಿ ತಿಳಿಸುವುದು. ಕೊನೆಯ ಮಾತು ಮುಖ್ಯ. ಓದಿ ಗ್ರಹಿಸುವ ಶಕ್ತಿಯನ್ನು ಬರೆಯುವ ಶಕ್ತಿಯಿಂದ ಬೇರ್ಪಡಿಸದೆ ಗಡಿಸೀಮೆಯಲ್ಲಿ ಯಾರ ನೆಲೆಯೂ ತಿಳಿಯದು. ಬರೆಯದೆ ಬಿಟ್ಟವರನ್ನು ಕರೆದು ಐದು ನಿಮಿಷ ಮಾತನಾಡಿಸಬೇಕು.

ಉತ್ತರಗಳಿಗೆ ಅಂಕ ಕೊಡಕೂಡದು. ಯಾವ ಬಗೆಯ ತೊಡಕು ಎಷ್ಟು ಮಂದಿಗಿದೆ ಎಂಬುದನ್ನು ಮಾತ್ರ ಬರೆದಿಟ್ಟುಕೊಳ್ಳಬೇಕು. ಎಲ್ಲರೂ ಒಂದೇ ತರಗತಿಯಲ್ಲಿ, ಒಂದೇ ಪಠ್ಯವನ್ನು ಓದಬೇಕು. ವಾರಕ್ಕೆ ಒಂದು ಹೆಚ್ಚಿನ ಗಂಟೆಯಲ್ಲಿ ಆಯಾ ತೊಡಕಿನವರಿಗೆ ಆಯಾ ಪಾಠ ನಡೆಯಬೇಕು. ಆರು ವಾರಗಳ ಅನಂತರ ಅದೇ ಬಗೆಯ ಕೆಲಸಗಳನ್ನು ಮತ್ತೊಮ್ಮೆ ಕೊಟ್ಟು ನೋಡಬೇಕು. ತೊಡಕು ಹಾಗೆಯೇ ಉಳಿದಿದ್ದರೆ, ಬದಲಾಗಬೇಕಾದುದು ವಿದ್ಯಾರ್ಥಿಯ ಹೆಸರಿನ ಮುಂದಿನ ಗುರುತಲ್ಲ, ನಮ್ಮ ಪಾಠ.

ಬ್ರಹ್ಮಗಿರಿಯ ಶಾಸನದಲ್ಲಿ, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಆ ಮಾತನ್ನು ಈ ಸೀಮೆಯ ವಿದ್ಯಾರ್ಥಿಗಳು ಇಂದಿಗೂ ನಡೆಸಿಕೊಡುತ್ತಿದ್ದಾರೆ. ತರಗತಿಗೆ ಅಧ್ಯಾಪಕರು ಬಂದರೆ ಎದ್ದು ನಿಲ್ಲುತ್ತಾರೆ, ತಿಳಿಯದಿದ್ದರೂ ತಿಳಿಯಿತೆಂದು ತಲೆಯಾಡಿಸುತ್ತಾರೆ. ಆ ತಲೆಯಾಟದ ಹಿಂದೆ ಏನಿದೆಯೆಂದು ತಿಳಿದುಕೊಳ್ಳುವುದು ಆಚಾರ್ಯನ ಕಡೆಯ ಕರ್ತವ್ಯ. ಬರುವ ಶೈಕ್ಷಣಿಕ ವರ್ಷದಲ್ಲಿ ಎರಡು ತಾಲ್ಲೂಕುಗಳ ಇತಿಹಾಸ ವಿಭಾಗಗಳಾದರೂ ಈ ಕ್ರಮವನ್ನು ಕೈಗೊಂಡು, ಕಂಡ ಫಲವನ್ನು, ನಿಷ್ಫಲವನ್ನೂ ಸಹ, ಈ ಪತ್ರಿಕೆಯಲ್ಲಿ ಪ್ರಕಟಿಸಿದರೆ ಚರ್ಚೆಯು ಊಹೆಯಿಂದ ಅನುಭವಕ್ಕೆ ಸಾಗುತ್ತದೆ. ಮೇಲೆ ಹೇಳಿದ ನಾಲ್ಕು ಕೆಲಸಗಳಿಗಿಂತ ಉತ್ತಮವಾದವು ಇತರ ವಿಷಯಗಳ ಅಧ್ಯಾಪಕ ಮಿತ್ರರಿಗೆ ತೋರಿದರೆ ಅವನ್ನು ತಿಳಿಸಬೇಕೆಂದು ಕೋರುತ್ತೇವೆ.